ಜೇಡದ ತುತ್ತು ಎಲ್ಲಿಂದ ಬಂತು?

ಕಳೆದ ಶ್ರಾವಣದ ಮೊದಲ ವಾರದಲ್ಲಿ ಹರಿಹರದ ನಮ್ಮ ಮನೆಗೆ ಒಂದು ಗಾಜಿನ ಪೆಟ್ಟಿಗೆ ಬಂದಿತು. ಅದರೊಳಗೆ ತೆಂಗಿನ ನಾರಿನ ಪುಡಿಯ ಹಾಸು, ಒಂದು ಮುರಿದ ಕುಂಡದ ಚೂರು, ಪುಟ್ಟ ನೀರಿನ ಬಟ್ಟಲು. ಕುಂಡದ ನೆರಳಿನಲ್ಲಿ ಅಂಗೈ ಅಗಲದ, ಮೈತುಂಬ ಕಂದು ರೋಮವಿದ್ದ ಒಂದು ಟರಾಂಟುಲಾ ಜೇಡ. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮೊಮ್ಮಗ ಎರಡು ವರ್ಷಗಳಿಂದ ಸಾಕಿಕೊಂಡಿದ್ದ ಜೀವ ಅದು. ಓದಿನ ಕೆಲಸಕ್ಕಾಗಿ ಒಂದು ತಿಂಗಳು ಉತ್ತರ ಭಾರತಕ್ಕೆ ಹೋಗಬೇಕಾದ್ದರಿಂದ ಅದನ್ನು ನನ್ನ ವಶಕ್ಕೆ ಒಪ್ಪಿಸಿದ. "ಅಜ್ಜಾ, ನೀನು ಸೈನ್ಸ್ ಮೇಷ್ಟ್ರು, ಬೇರೆ ಯಾರ ಹತ್ತಿರಾನೂ ಬಿಡೋಕೆ ಮನಸ್ಸು ಬರಲ್ಲ" ಎಂದ. ನಮ್ಮ ಮನೆಯವರು ಮಾತ್ರ ಒಂದು ವಾರ ಆ ಕೋಣೆಯ ಕಸ ಗುಡಿಸಲಿಲ್ಲ.

ಪೆಟ್ಟಿಗೆಯೊಂದಿಗೆ ಒಂದು ಡಬ್ಬಿಯಲ್ಲಿ ಮೀಲ್‌ವರ್ಮ್ ಎಂಬ ಹಳದಿ ಹುಳುಗಳಿದ್ದವು. ಹತ್ತು ದಿನಕ್ಕೊಮ್ಮೆ ಒಂದೆರಡು ಹುಳು, ಬಟ್ಟಲು ಬರಿದಾಗದಂತೆ ನೀರು, ಇಷ್ಟೇ ಉಪಚಾರ. ಎರಡನೆಯ ಬಾರಿ ಡಬ್ಬಿ ತೆರೆದಾಗ ಹುಳುಗಳಲ್ಲಿ ಬಹುಪಾಲು ಕೋಶಾವಸ್ಥೆಗೆ ಹೋಗಿದ್ದವು, ಕೆಲವು ಕಪ್ಪು ದುಂಬಿಗಳಾಗಿದ್ದವು. ನನಗೆ ಒಳಗೊಳಗೇ ನಗು ಬಂದಿತು. ಊರ ಹೊರಗೆ ಮಳೆ ಬಿದ್ದು ಹೊಲವೆಲ್ಲ ಹಸಿರಾಗಿರುವಾಗ, ಬದುವಿನ ಮೇಲೆ ಹೆಜ್ಜೆಯಿಟ್ಟರೆ ಹತ್ತು ಮಿಡತೆ ಹಾರುವ ಕಾಲದಲ್ಲಿ, ದುಡ್ಡು ಕೊಟ್ಟು ತಂದ ಡಬ್ಬಿಯ ಹುಳು ಏತಕ್ಕೆ? ಸಂಜೆಯ ವಾಯುವಿಹಾರಕ್ಕೆ ಹೋದಾಗ ಮೆಕ್ಕೆಜೋಳದ ಹೊಲದ ಅಂಚಿನಲ್ಲಿ ಎರಡು ದಪ್ಪ ಮಿಡತೆಗಳನ್ನು ಕರವಸ್ತ್ರದಲ್ಲಿ ಹಿಡಿದು ತಂದು ಪೆಟ್ಟಿಗೆಗೆ ಬಿಟ್ಟೆ. ಜೇಡ ಒಂದನ್ನು ಆ ರಾತ್ರಿಯೇ ಹಿಡಿಯಿತು. ತಾಜಾ ಆಹಾರ ಕೊಟ್ಟೆನೆಂದು ನಾನು ತೃಪ್ತಿಯಿಂದ ಮಲಗಿದೆ.

ಮರುದಿನ ಅದರ ಕಾಲುಗಳು ಅದುರುತ್ತಿದ್ದವು. ನಡೆಯಲು ಹೋದರೆ ಒಂದು ಕಡೆಗೆ ವಾಲುತ್ತಿತ್ತು. ಮೂರನೆಯ ದಿನ ಎಂಟೂ ಕಾಲುಗಳನ್ನು ಹೊಟ್ಟೆಯಡಿಗೆ ಮಡಚಿಕೊಂಡು ಸತ್ತಿತು. ಆ ಹೊಲದ ಒಡೆಯ ನನ್ನದೇ ಹಳೆಯ ವಿದ್ಯಾರ್ಥಿ. ವಿಚಾರಿಸಿದಾಗ ಆತ ಹೇಳಿದ: "ಮಿಡತಿ ಹಿಡಿಯಾಕ ಹೋಗಿದ್ರೇನ್ ಸಾರ್? ಎರಡು ದಿನದ ಹಿಂದಷ್ಟೇ ಸುಳಿ ಹುಳಕ್ಕ ಔಷಧಿ ಹೊಡದಿದ್ವಲ್ರೀ." ಯಾವ ಪ್ರಯೋಗಾಲಯವೂ ಇದನ್ನು ಪರೀಕ್ಷಿಸಿ ದೃಢಪಡಿಸಿಲ್ಲ, ಆದರೆ ನನ್ನ ಮನಸ್ಸಿಗೆ ಸಂಶಯವಿಲ್ಲ. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಎಂದು ಆಹಾರ ಸರಪಳಿಯನ್ನು ಕರಿಹಲಗೆಯ ಮೇಲೆ ಮೂವತ್ತು ವರ್ಷ ಬರೆದ ಕೈಯೇ ಆ ಮಿಡತೆಯನ್ನು ಪೆಟ್ಟಿಗೆಗೆ ಹಾಕಿತ್ತು. ನಿಮಗೆ ಅದನ್ನು ಕಂಠಪಾಠ ಮಾಡಿಸಿದವನು ನಾನು. ಕಲಿಯದೆ ಉಳಿದವನೂ ನಾನೇ.

ಆದುದರಿಂದ ಈ ಬರಹವನ್ನು ಸ್ವಲ್ಪ ಖಾರವಾಗಿಯೇ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕೆಲವರ ಮಕ್ಕಳು ಜೇಡ, ಹಲ್ಲಿ, ಮೀನುಗಳನ್ನು ಸಾಕುತ್ತಿರುವುದು ನನಗೆ ತಿಳಿದಿದೆ. ಅಂಥ ಪ್ರಾಣಿಗಳಿಗೆ ಆಹಾರವಾಗಿ ಕೊಡುವ ಕೀಟಗಳನ್ನು ಇಲ್ಲಿ 'ಮೇವಿನ ಹುಳು' ಎಂದು ಕರೆಯುತ್ತೇನೆ. ಅವುಗಳ ಆಯ್ಕೆಯಲ್ಲಿ ಮೂರು ತಪ್ಪು ನಂಬಿಕೆಗಳು ಎಲ್ಲೆಡೆ ಓಡಾಡುತ್ತಿವೆ: ಹೊಲದಲ್ಲಿ ಹಿಡಿದದ್ದು ಸಹಜ, ಆದ್ದರಿಂದ ಉತ್ತಮ, ಮನೆಯ ಜಿರಲೆ ಪುಕ್ಕಟೆ, ಆದ್ದರಿಂದ ಲಾಭ, ಹೊರದೇಶದ ಹುಳು ದುಬಾರಿ, ಆದ್ದರಿಂದ ಶ್ರೇಷ್ಠ. ಮೂರನ್ನೂ ನಾನು ಅಲ್ಲಗಳೆಯುತ್ತೇನೆ. ತುತ್ತು ಕೊಡುವವನು ಆ ತುತ್ತು ತಾನು ಏನನ್ನು ತಿಂದು ಬಂದಿತೆಂಬುದಕ್ಕೂ ಹೊಣೆಗಾರನೆಂಬುದು ನನ್ನ ವಾದ.

ಮೊದಲು ಹೊಲದ ಮಾತು. ದಾವಣಗೆರೆ ಸೀಮೆಯ ಹೊಲವೆಂದರೆ ಇಂದು ಬಹುಮಟ್ಟಿಗೆ ಮೆಕ್ಕೆಜೋಳ. ಭದ್ರಾ ನಾಲೆಯ ನೀರು ಹರಿಯುವಲ್ಲಿ ಭತ್ತ. ಅಮೆರಿಕ ಖಂಡ ಮೂಲದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾಕ್ಕೆ ಕಾಲಿಟ್ಟು, 2018ರ ಮೇ ತಿಂಗಳಿನಲ್ಲಿ ಭಾರತದಲ್ಲಿ ಮೊಟ್ಟಮೊದಲಿಗೆ ಕಂಡುಬಂದದ್ದು ಎಲ್ಲಿ ಎಂದು ಬಲ್ಲಿರಾ? ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಸುಳಿಯೊಳಗೆ ಅಡಗಿ ಎಲೆಯನ್ನು ಜರಡಿ ಮಾಡುವ ಆ ಹುಳುವಿಗೆ ಹೆದರಿ ರೈತರು ಬಿತ್ತಿದ ಕೆಲವೇ ವಾರಗಳಲ್ಲಿ ಸಿಂಪಡಣೆ ಆರಂಭಿಸುತ್ತಾರೆ. ಎಮಾಮೆಕ್ಟಿನ್ ಬೆಂಜೊಯೇಟ್, ಕ್ಲೋರಾಂಟ್ರಾನಿಲಿಪ್ರೋಲ್ ಎಂಬ ಹೆಸರುಗಳು ಇಂದು ನಮ್ಮ ಹಳ್ಳಿಯ ಗೊಬ್ಬರದಂಗಡಿಗಳಲ್ಲಿ ಉಪ್ಪು, ಬೆಲ್ಲದಷ್ಟು ಪರಿಚಿತ. ಕೀಟದ ನರ ಮತ್ತು ಸ್ನಾಯುಗಳನ್ನು ಕೆಡಿಸುವುದೇ ಇವುಗಳ ಕೆಲಸ. ಸಿಂಪಡಿಸಿದ ಹೊಲದ ಮಿಡತೆ ಸತ್ತು ಬಿದ್ದಿದ್ದರೆ ನಾವು ಎಚ್ಚರಗೊಳ್ಳುತ್ತಿದ್ದೆವು. ಸಾಯದೆ ಹಾರಾಡುವ ಮಿಡತೆಯೇ ಅಪಾಯಕಾರಿ. ಅದರ ಮೈಮೇಲೂ ಹೊಟ್ಟೆಯಲ್ಲೂ ಏನಿದೆಯೆಂಬುದು ಹಿಡಿಯುವವನಿಗೆ ಕಾಣುವುದಿಲ್ಲ.

ಇಲ್ಲಿ ರೈತನನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಸಾಲ ಮಾಡಿ ಬಿತ್ತಿದವನು ಬೆಳೆಯನ್ನು ಉಳಿಸಿಕೊಳ್ಳಲೇಬೇಕು. ಆದರೆ ನಮ್ಮ ಒಂದು ಪದಬಳಕೆಯನ್ನು ಮಾತ್ರ ಆಕ್ಷೇಪಿಸುತ್ತೇನೆ. ವಿಷವನ್ನು ನಾವು 'ಔಷಧಿ' ಎಂದು ಕರೆಯುತ್ತೇವೆ. 'ಔಷಧಿ ಹೊಡೆದಿದೆ' ಎಂದಾಗ ಹೊಲ ಗುಣಮುಖವಾಯಿತೆಂಬ ಭಾವನೆ ಬರುತ್ತದೆಯೇ ಹೊರತು, ಅಲ್ಲಿನ ಮಿಡತೆಯನ್ನು ಮುಟ್ಟಬಾರದೆಂಬ ಅರಿವು ಮೂಡುವುದಿಲ್ಲ. ಮಾತು ಮಂಕಾದರೆ ಬುದ್ಧಿಯೂ ಮಂಕಾಗುತ್ತದೆ. ನನಗೆ ಆದದ್ದೂ ಅದೇ.

ಈ ವಿಷಯದಲ್ಲಿ ನಮ್ಮ ರೇಷ್ಮೆ ಬೆಳೆಗಾರರಿಂದ ಕಲಿಯಬೇಕಾದದ್ದು ಬಹಳವಿದೆ. ಶಾಲೆಯ ಮೆಟ್ಟಿಲು ಹತ್ತದ ಹಳೆಯ ಕಾಲದ ರೇಷ್ಮೆ ಬೆಳೆಗಾರನೂ ಹೊಗೆಸೊಪ್ಪಿನ ಹೊಲದ ಪಕ್ಕದ ಹಿಪ್ಪುನೇರಳೆಯನ್ನು ತನ್ನ ಹುಳುಗಳಿಗೆ ಹಾಕುತ್ತಿರಲಿಲ್ಲ. ಇಂದಿಗೂ ಪಕ್ಕದ ಹೊಲದಲ್ಲಿ ಸಿಂಪಡಣೆಯಾಯಿತೆಂದರೆ ಗಾಳಿ ಬೀಸಿದ ಕಡೆಯ ಸಾಲುಗಳ ಸೊಪ್ಪನ್ನು ಕೊಯ್ಯದೆ ಬಿಡುತ್ತಾನೆ. ತನ್ನದೇ ತೋಟಕ್ಕೆ ಸಿಂಪಡಿಸಿದ್ದರೆ ದಿನ ಎಣಿಸಿ, ವಿಷದ ಕಾಲ ಮುಗಿದ ಬಳಿಕವೇ ಸೊಪ್ಪು ಕೊಯ್ಯುತ್ತಾನೆ. ಅನುಮಾನ ಬಂದರೆ ಮೊದಲು ನಾಲ್ಕು ಹುಳುಗಳಿಗೆ ಹಾಕಿ ಕಾದು ನೋಡುತ್ತಾನೆ. ಒಂದು ಬೆಳೆ ಹೋದರೆ ಮನೆಯ ಗಂಜಿ ಹೋಗುತ್ತದೆಂಬ ಭಯ ಅವನಿಗೆ ಈ ಎಚ್ಚರವನ್ನು ಕಲಿಸಿತು. ಸಾಕುಜೇಡದ ಒಡೆಯನಿಗೆ ಗಂಜಿಯ ಭಯವಿಲ್ಲ. ಹಾಗೆಂದು ಎಚ್ಚರವೂ ಇರಬಾರದೇ?

'ಒಂದು ಮಿಡತೆಯಲ್ಲಿ ಎಷ್ಟು ವಿಷ ಇದ್ದೀತು?' ಎಂದು ಕೇಳುವವರು ರಣಹದ್ದುಗಳನ್ನು ನೆನೆಯಲಿ. 1990ರ ದಶಕದಲ್ಲಿ ಭಾರತದ ರಣಹದ್ದುಗಳು ಕಣ್ಣೆದುರಿಗೇ ಕಾಣೆಯಾದವು. ಕೆಲವು ಪ್ರಭೇದಗಳಲ್ಲಿ ಶೇಕಡ 95ಕ್ಕೂ ಮಿಕ್ಕಿ ಅಳಿದುಹೋದವು. ಯಾರೂ ಅವುಗಳಿಗೆ ವಿಷವಿಕ್ಕಿರಲಿಲ್ಲ. ನೋವಿಗೆಂದು ದನಕ್ಕೆ ಕೊಟ್ಟ ಡೈಕ್ಲೋಫಿನಾಕ್ ಎಂಬ ನಿಜವಾದ ಔಷಧಿ, ದನ ಸತ್ತ ಮೇಲೆ ಅದರ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡವನ್ನು ಕೊಂದಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸುವ ಹೊತ್ತಿಗೆ ಬಹಳ ತಡವಾಗಿತ್ತು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಬೆರಳೆಣಿಕೆಯ ಹದ್ದುಗಳಿಗಾಗಿ ವನ್ಯಧಾಮವನ್ನೇ ಮಾಡಬೇಕಾಯಿತು. ದನಕ್ಕೆ ಹಿತವಾದದ್ದು ಹದ್ದಿಗೆ ಮೃತ್ಯುವಾಯಿತು. ಮೂಲದಲ್ಲೇ ವಿಷವಾದದ್ದು ಮಿಡತೆಯನ್ನು ದಾಟಿ ಜೇಡವನ್ನು ಬಿಟ್ಟೀತೇ?

ಇನ್ನು ಮನೆಯ ಜಿರಲೆ. ಬಚ್ಚಲಿನಲ್ಲಿ ಓಡುವ ಜಿರಲೆಯನ್ನು ಲೋಟದಲ್ಲಿ ಮುಚ್ಚಿ ಹಿಡಿದು ಜೇಡಕ್ಕೆ ಹಾಕಿದರೆ ಎರಡು ಕೆಲಸ ಒಟ್ಟಿಗೆ ಆದವೆಂದು ಒಬ್ಬ ನೆಂಟರು ಹೆಮ್ಮೆಯಿಂದ ಹೇಳಿದ್ದರು. ಅವರ ಅಡುಗೆಮನೆಯ ಹೊಸ್ತಿಲ ಮೇಲೆ ಜಿರಲೆ ಕೊಲ್ಲುವ ಸೀಮೆಸುಣ್ಣದ ಗೆರೆ ಬೆಳ್ಳಗೆ ಕಾಣುತ್ತಿತ್ತು. ಸೀಮೆಸುಣ್ಣದೊಡನೆ ಬಾಳು ಸವೆಸಿದ ನಾನು ಹೇಳುತ್ತೇನೆ, ಆ ಬಿಳಿ ಗೆರೆಯಲ್ಲಿರುವುದು ಪೈರೆಥ್ರಾಯ್ಡ್ ವರ್ಗದ ಕೀಟನಾಶಕ. ಜೇಡಗಳಿಗೂ ಅದು ಘೋರ ವಿಷ. ಮೂಲೆಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಇಡುವ ಜೆಲ್ ಇನ್ನೂ ಒಂದು ಹೆಜ್ಜೆ ಮುಂದೆ. ಅದನ್ನು ತಿಂದ ಜಿರಲೆ ಗೂಡಿಗೆ ಹೋಗಿ ಸಾಯಬೇಕು, ಅದರ ಹೆಣವನ್ನೂ ಹಿಕ್ಕೆಯನ್ನೂ ತಿಂದ ಇತರ ಜಿರಲೆಗಳು ಸಾಯಬೇಕು, ಇದೇ ಅದರ ಉಪಾಯ. ತಿಂದವನಿಂದ ತಿಂದವನಿಗೆ ದಾಟಲೆಂದೇ ತಯಾರಿಸಿದ ವಿಷ ಜೇಡದ ಬಾಯಿಗೆ ಬಂದಾಗ ತಟ್ಟನೆ ನಿಂತುಬಿಡುತ್ತದೆಯೇ? ನಿಮ್ಮ ಮನೆಯಲ್ಲಿ ಹಾಕದಿದ್ದರೂ ಪಕ್ಕದ ಮನೆಯವರು ಹಾಕಿರುತ್ತಾರೆ, ಮತ್ತು ಜಿರಲೆಗೆ ಗಡಿಗೋಡೆಯ ಲೆಕ್ಕವಿಲ್ಲ.

ಮೂರನೆಯದು ಹೊರದೇಶದ ವ್ಯಾಮೋಹ. ಪರದೇಶದ ಹವ್ಯಾಸಿಗಳ ವಿಡಿಯೊಗಳನ್ನು ನೋಡಿ ನಮ್ಮ ಹುಡುಗರೂ ಡುಬಿಯಾ ಜಿರಲೆ ಬೇಕು, ತುರ್ಕಿಸ್ತಾನದ ಕೆಂಪು ಜಿರಲೆ ಬೇಕು ಎನ್ನುತ್ತಾರೆ. ಅವು ಪೌಷ್ಟಿಕವೆಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಡಬ್ಬಿಯ ಮುಚ್ಚಳ ಒಂದು ದಿನ ಸಡಿಲವಾಗುತ್ತದೆ, ಹವ್ಯಾಸ ಒಂದು ದಿನ ಬೇಸರವಾಗುತ್ತದೆ. ತುರ್ಕಿಸ್ತಾನದ ಜಿರಲೆ ಅಮೆರಿಕದಲ್ಲಿ ಮೊದಲು ಕಂಡದ್ದು 1978ರಲ್ಲಿ, ಕ್ಯಾಲಿಫೋರ್ನಿಯಾದ ಒಂದು ಸೇನಾ ಡಿಪೋದಲ್ಲಿ. ಇಂದು ಆ ದೇಶದ ನೈರುತ್ಯ ಭಾಗದ ಹಿತ್ತಲುಗಳಲ್ಲಿ ಅದು ಮೊದಲಿದ್ದ ಜಿರಲೆಯನ್ನೇ ಹಿಂದಕ್ಕೆ ತಳ್ಳಿದೆ. ಮೇವಿನ ಹುಳುವಾಗಿ ಅಂಚೆಯಲ್ಲಿ ಮಾರಾಟವಾದದ್ದೂ ಅದು ಹರಡಲು ಒಂದು ಕಾರಣವೆಂದು ಕೀಟತಜ್ಞರು ಶಂಕಿಸಿದ್ದಾರೆ. ನಮಗೆ ದೂರದ ನಿದರ್ಶನವೂ ಬೇಕಿಲ್ಲ. ಸೈನಿಕ ಹುಳು ಮೆಕ್ಕೆಜೋಳದಲ್ಲಿ ಕುಳಿತಿದೆ. 1950ರ ದಶಕದಲ್ಲಿ ಆಮದು ಧಾನ್ಯದೊಡನೆ ಬಂದ ಪಾರ್ಥೇನಿಯಂ, ನಮ್ಮವರು ಕಾಂಗ್ರೆಸ್ ಗಿಡ ಎನ್ನುವ ಕಳೆ, ನಮ್ಮ ರೈಲುಹಾದಿಯ ಉದ್ದಕ್ಕೂ ಹೂ ಬಿಟ್ಟು ನಿಂತಿದೆ. ಬಂದವರನ್ನು ಕಳಿಸಲಾಗದೆ ಒದ್ದಾಡುತ್ತಿರುವಾಗ ಇನ್ನೊಬ್ಬರಿಗೆ ಓಲೆ ಬರೆಯುವುದು ಜಾಣತನವಲ್ಲ.

ಹಾಗಾದರೆ ಏನನ್ನು ಕೊಡಬೇಕು? ನಿಮ್ಮ ಮನೆಯಲ್ಲೇ, ನಿಮ್ಮ ಕಣ್ಣೆದುರಿಗೇ, ನೀವೇ ಉಣಿಸಿ ಬೆಳೆಸಿದ ಹುಳುವನ್ನು. ಮೀಲ್‌ವರ್ಮ್ ಸಾಕುವುದು ಅತಿ ಸುಲಭ. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಎರಡು ಅಂಗುಲ ಗೋಧಿ ಬೂಸಾ, ಮೇಲೆ ಸಿಪ್ಪೆ ಹೆರೆದ ಗಜ್ಜರಿಯ ತುಂಡು ಇಟ್ಟರೆ ಅವುಗಳಿಗೆ ಅನ್ನವೂ ನೀರೂ ಆಯಿತು. ನಮ್ಮ ಸೀಮೆಯ ಸೆಕೆಯಲ್ಲಿ ಮೊಟ್ಟೆಯಿಂದ ದುಂಬಿಯಾಗಲು ಮೂರು ನಾಲ್ಕು ತಿಂಗಳು. ಅಂಗಡಿಯಿಂದ ಹೊಸ ಬೂಸಾ ತಂದಾಗ ರೇಷ್ಮೆಯವರಂತೆ ಮೊದಲು ನಾಲ್ಕು ಹುಳುಗಳಿಗೆ ಹಾಕಿ ಎರಡು ದಿನ ನೋಡಿ. ರಾತ್ರಿ ಗೋಡೆಯ ಸಂದಿಯಲ್ಲಿ ಕಿರ್ ಎನ್ನುವ ಕ್ರಿಕೆಟ್ ಹುಳುವೂ ಒಳ್ಳೆಯದೇ. ಎರಡು ಚುಕ್ಕೆಯ ಕಪ್ಪು ಕ್ರಿಕೆಟ್ ನಮ್ಮ ನೆಲದ್ದೇ ಜೀವಿ. ಆದರೆ ಹಿಡಿದ ಹುಳುವನ್ನೇ ಹಾಕದೆ, ಅದರ ಮರಿಗಳನ್ನು ಬೆಳೆಸಿ ಹಾಕಿ. ನಮ್ಮ ನಾಡಿನ ರೇಷ್ಮೆ ಹುಳುವಂತೂ ಮೃದು ಮೈಯದು, ಕಚ್ಚುವುದಿಲ್ಲ, ಓಡುವುದಿಲ್ಲ. ವಿಷ ಸೋಕದ ಸೊಪ್ಪು ಸಿಕ್ಕಿದರೆ ಅದಕ್ಕಿಂತ ನಿರುಪದ್ರವಿ ಮೇವು ಇನ್ನೊಂದಿಲ್ಲ. ಜೇಡಕ್ಕೆ ಕೊಡುವ ಮುನ್ನ ಒಂದೆರಡು ದಿನ ಹುಳುವಿಗೆ ಚೆನ್ನಾಗಿ ಉಣಿಸಿ. ಟರಾಂಟುಲಾ ಜೀರ್ಣರಸವನ್ನು ಬೇಟೆಯ ಮೇಲೆ ಸುರಿದು, ಕರಗಿದ್ದನ್ನು ಹೀರುತ್ತದೆ. ಹುಳು ಉಂಡದ್ದರ ಸಾರವೇ ಅದಕ್ಕೂ ಸೇರುತ್ತದೆ.

ಎಲ್ಲ ಸಾಕಿದ ಹುಳುಗಳೂ ಒಂದೇ ಅಲ್ಲ. ಸೂಪರ್‌ವರ್ಮ್ ಎಂಬ ದೊಡ್ಡ ಹುಳುವಿನ ದವಡೆ ಬಲವಾದದ್ದು, ಮಣ್ಣಿನಲ್ಲಿ ಹೂತುಕೊಂಡು ನಿಮ್ಮ ಕಣ್ಣಿಗೆ ಮರೆಯಾಗುತ್ತದೆ. ತಲೆ ಜಜ್ಜದೆ ಹಾಕಬಾರದು. ಮೇಣದ ಹುಳುವಿನಲ್ಲಿ ಕೊಬ್ಬು ಅಧಿಕ, ಹಬ್ಬದ ಹೋಳಿಗೆಯಂತೆ ಅಪರೂಪಕ್ಕೆ ಸಾಕು. ಮೇಲಾಗಿ ಅದು ಜೇನುಗೂಡುಗಳ ಕಡುಶತ್ರು, ಜೇನು ಸಾಕುವವರ ನೆರೆಯಲ್ಲಿ ಅದನ್ನು ಬೆಳೆಸುವುದೇ ಅಪರಾಧ. ಯಾವ ಹುಳುವಾದರೂ ಜೇಡದ ಹೊಟ್ಟೆಯ ಭಾಗಕ್ಕಿಂತ ದೊಡ್ಡದಿರಬಾರದು.

ಹುಳುವಿನ ಆಯ್ಕೆಯಷ್ಟೇ ಅದನ್ನು ಕೊಡುವ ಹೊತ್ತೂ ಮುಖ್ಯ. ರೇಷ್ಮೆ ಹುಳು ಪೊರೆ ಕಳಚುವ ಹೊತ್ತನ್ನು ನಮ್ಮವರು 'ಜ್ವರ' ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳುವೇ ಗೂಡು ಕಟ್ಟುವುದು. ಜ್ವರಕ್ಕೆ ಕುಳಿತ ಹುಳುವಿಗೆ ಯಾರೂ ಸೊಪ್ಪು ಹಾಕುವುದಿಲ್ಲ. ಟರಾಂಟುಲಾಕ್ಕೂ ಜ್ವರ ಬರುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅದು ಉಪವಾಸವಿರುತ್ತದೆ. ಕೊನೆಗೆ ಬೆನ್ನಡಿಯಾಗಿ ಮಲಗಿ ಪೊರೆ ಕಳಚುತ್ತದೆ. ಆಗ ಅದರ ಮೈ ಬೆಣ್ಣೆಯಷ್ಟು ಮೆದು, ಕೋರೆಹಲ್ಲು ಬಿಳಿ. ಅಂಥ ಹೊತ್ತಿನಲ್ಲಿ ಪೆಟ್ಟಿಗೆಯಲ್ಲಿ ಉಳಿದುಹೋದ ಒಂದು ಹಸಿದ ಕ್ರಿಕೆಟ್ ಹುಳು ಜೇಡವನ್ನೇ ಕಡಿದು ತಿನ್ನಬಲ್ಲದು. ಬೇಟೆಗಾರನೇ ಬೇಟೆಯಾಗುತ್ತಾನೆ. ಕೋರೆಹಲ್ಲು ಮತ್ತೆ ಕಪ್ಪಾಗಿ ಗಟ್ಟಿಯಾಗುವವರೆಗೆ ಹುಳು ಹಾಕಬಾರದು. ಒಂದು ದಿನದಲ್ಲಿ ತಿನ್ನದ ಹುಳುವನ್ನು ತೆಗೆದುಬಿಡಬೇಕು. ನಾನು ಬಿಟ್ಟ ಎರಡನೆಯ ಮಿಡತೆ, ಜೇಡ ಸತ್ತ ದಿನವೂ ಆ ಪೆಟ್ಟಿಗೆಯಲ್ಲಿ ಕುಂಡದ ಮೇಲೆ ಕುಳಿತಿತ್ತು. ಅದನ್ನು ತೆಗೆಯಬೇಕೆಂಬುದೂ ನನಗೆ ಹೊಳೆದಿರಲಿಲ್ಲ.

ಇನ್ನು ನಮ್ಮ ಬಂಧುಗಳಲ್ಲಿ ಕೆಲವರ ಆಕ್ಷೇಪಕ್ಕೆ ಉತ್ತರ. 'ಒಂದು ಜೀವಕ್ಕೆ ಇನ್ನೊಂದು ಜೀವವನ್ನು ಕೈಯಾರೆ ಕೊಡುವುದು ಪಾಪವಲ್ಲವೇ?' ಎಂದು ನನ್ನ ತಂಗಿ ಕೇಳಿದಳು. ಪ್ರಶ್ನೆ ಗೌರವಾರ್ಹವಾದದ್ದು. ಜೇಡ ಸೊಪ್ಪು ತಿಂದು ಬದುಕಲಾರದು. ಸಾಕಿದ ಮೇಲೆ ಉಣಿಸದಿರುವುದು ಇನ್ನೂ ದೊಡ್ಡ ಪಾಪ. ಉಣಿಸಲು ಮನಸ್ಸೊಪ್ಪದವರು ಸಾಕಲೇಬಾರದು, ಅದೇ ಪ್ರಾಮಾಣಿಕ ದಾರಿ. ಸಾಕುವವರಾದರೆ ಆ ಹುಳುವಿನ ಬದುಕಿಗೂ ಮರ್ಯಾದೆ ಕೊಡಬೇಕು. ಕೊನೆಯ ದಿನದವರೆಗೆ ಅದಕ್ಕೆ ಅನ್ನ, ನೀರು, ನೆರಳು ಇರಲಿ. ಅಗತ್ಯವಿಲ್ಲದೆ ಒಂದನ್ನೂ ಹಾಕದಿರಲಿ. ಜನ ನೋಡಿ ಚಪ್ಪಾಳೆ ತಟ್ಟಲೆಂದು ಇಲಿಮರಿಯನ್ನು ಟರಾಂಟುಲಾದ ಮುಂದೆ ಬಿಟ್ಟು ಚಿತ್ರೀಕರಿಸುವವರನ್ನು ಕಂಡರೆ ನನಗೆ ಹೇಸಿಗೆಯಾಗುತ್ತದೆ. ಅದು ಆಹಾರವಲ್ಲ, ಕ್ರೌರ್ಯದ ಜಾತ್ರೆ. ಹುಳು ತಿಂದು ತೃಪ್ತವಾಗುವ ಜೇಡಕ್ಕೆ ಇಲಿಯ ಅಗತ್ಯವೇ ಇಲ್ಲ.

'ಹೊಲದ ಹುಳು ಬೇಡವಾದರೆ ಕಾಡಿಗೆ ಹೋಗಿ ಜೇಡವನ್ನೂ ಹುಳುವನ್ನೂ ಅಲ್ಲೇ ಹಿಡಿಯುತ್ತೇವೆ' ಎಂದು ಒಬ್ಬ ಹುಡುಗ ಜಗಳೂರು ಕಡೆಯ ರಂಗಯ್ಯನದುರ್ಗದ ಹೆಸರನ್ನು ಹೇಳಿದ. ಮಗೂ, ಅದು ಕೊಂಡುಕುರಿಗಳ ವನ್ಯಧಾಮ. ಅಲ್ಲಿಂದ ಒಂದು ಕಡ್ಡಿಯನ್ನೂ ತರಬಾರದು. ನೀಲಿ ಮೈಯ ಪೊಯಿಸಿಲೊಥೇರಿಯ ಮೆಟಾಲಿಕಾ ಎಂಬ ಟರಾಂಟುಲಾ ನಮ್ಮ ಬಳ್ಳಾರಿಯ ಆಚೆ, ಗುತ್ತಿಯಲ್ಲಿ ಸಿಕ್ಕಿ 1899ರಲ್ಲಿ ಹೆಸರು ಪಡೆದದ್ದು. ಇಂದು ಆಂಧ್ರದ ನಂದ್ಯಾಲದ ಕಡೆಯ ಸಣ್ಣದೊಂದು ಕಾಡಿಗೆ ಸೀಮಿತವಾಗಿ ಅಳಿವಿನಂಚಿನಲ್ಲಿದೆ. ಪರದೇಶದ ಗಾಜಿನ ಪೆಟ್ಟಿಗೆಗಳಲ್ಲಿ ಮಾತ್ರ ಅದು ಧಾರಾಳ. 2019ರಲ್ಲಿ ಆ ಇಡೀ ಕುಲವನ್ನು ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. 1972ರ ವನ್ಯಜೀವಿ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಸಾಕುವವರು ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಹುಳು ಎಲ್ಲಿಯದೆಂದು ಕೇಳುವವನು ಜೇಡ ಎಲ್ಲಿಯದೆಂದೂ ಕೇಳಬೇಡವೇ?

ಒಂದು ಜೇಡದ ಸಾವಿಗೆ ಈ ಮುದುಕ ಇಷ್ಟು ಉದ್ದ ಬರೆಯಬೇಕೇ ಎಂದು ನಿಮಗನ್ನಿಸಬಹುದು. ಅದೇ ಹೊಲದ ಬದುವಿನ ಸೊಪ್ಪನ್ನು ನಾವು ಕಿತ್ತು ತಂದು ಸಾರು ಮಾಡುತ್ತೇವೆ. ಅಲ್ಲಿನ ಹುಲ್ಲನ್ನು ತಿಂದ ಎಮ್ಮೆಯ ಹಾಲನ್ನು ಮೊಮ್ಮಕ್ಕಳಿಗೆ ಕುಡಿಸುತ್ತೇವೆ. ಜೇಡ ಸಣ್ಣದು, ಆದ್ದರಿಂದ ಮೂರು ದಿನದಲ್ಲಿ ಹೇಳಿಬಿಟ್ಟಿತು. ನಮ್ಮ ಮೈ ದೊಡ್ಡದು, ಹೇಳಲು ತಡಮಾಡುತ್ತದೆ.

ಮೊಮ್ಮಗನಿಗೆ ದೂರವಾಣಿಯಲ್ಲಿ ವಿಷಯ ತಿಳಿಸಿದಾಗ ಆತ ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, "ಬೇಕು ಅಂತ ಮಾಡಿಲ್ಲ ಬಿಡು ಅಜ್ಜಾ" ಎಂದ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಗಾಜಿನ ಪೆಟ್ಟಿಗೆಯನ್ನು ತೊಳೆದು, ಬಿಸಿಲಿಗೆ ಒಣಗಿಸಿ ಅಟ್ಟದ ಮೇಲಿಟ್ಟಿದ್ದೇನೆ. ಡಬ್ಬಿಯಲ್ಲಿ ಉಳಿದಿದ್ದ ಆ ಕಪ್ಪು ದುಂಬಿಗಳನ್ನು ಮಾತ್ರ ಎಸೆಯಲು ಮನಸ್ಸಾಗಲಿಲ್ಲ. ಬೂಸಾ ತುಂಬಿದ ಟಬ್ಬಿಗೆ ಬಿಟ್ಟೆ. ಈಗ ಅದರಲ್ಲಿ ನೂರಾರು ಹುಳುಗಳಿವೆ. ನಿಮ್ಮಲ್ಲಿ ಯಾರ ಮಕ್ಕಳಾದರೂ ಜೇಡವನ್ನೋ ಹಲ್ಲಿಯನ್ನೋ ಸಾಕುತ್ತಿದ್ದರೆ ಹರಿಹರಕ್ಕೆ ಬಂದಾಗ ಒಂದು ಡಬ್ಬಿ ತನ್ನಿ, ತುಂಬಿಸಿ ಕೊಡುತ್ತೇನೆ. ಅವು ಏನು ತಿಂದು ಬೆಳೆದಿವೆಯೆಂದು ಕೇಳಿದರೆ, ಈ ಬಾರಿ ನನ್ನ ಬಳಿ ಉತ್ತರವಿದೆ.